ಟಿನ್‌ಟಿನ್ ಬರೆದವನು ಯಾರಾದರೇನು?

ಅರಸೀಕೆರೆಯಲ್ಲಿ ನಮ್ಮ ಸೋದರಮಾವನದು ಗುಜರಿ ಅಂಗಡಿ. ಹಳೇ ಪೇಪರು, ಬಿಯರ್ ಬಾಟಲಿ, ತಗಡು, ಸೈಕಲ್ ರಿಮ್ಮುಗಳ ಜೊತೆ ಪುಸ್ತಕಗಳೂ ತೂಕಕ್ಕೆ ಬರುತ್ತಿದ್ದವು. ಬೇಸಿಗೆ ರಜೆಗೆ ಹೋದರೆ ನನಗೆ ಕಾಗದ ಬೇರ್ಪಡಿಸುವ ಕೆಲಸ. ಬಿಳಿ ಹಾಳೆ ಒಂದು ಕಡೆ, ನ್ಯೂಸ್‌ಪೇಪರ್ ಒಂದು ಕಡೆ, ರಟ್ಟು ಇನ್ನೊಂದು ಕಡೆ. ಒಂದೊಂದಕ್ಕೂ ಒಂದೊಂದು ರೇಟು. ಹಾಗಾಗಿ ಪುಸ್ತಕ ಬಂದ ಕೂಡಲೇ ಅದರ ರಟ್ಟು ಕಿತ್ತು ಬಿಸಾಕುತ್ತಿದ್ದರು. ಅದರ ಜೊತೆ ಮೊದಲಿನ ಒಂದೆರಡು ಹಾಳೆಗಳೂ ಹರಿದು ಹೋಗುತ್ತಿದ್ದವು.

ನಾನು ಟಿನ್‌ಟಿನ್ ಓದಿದ್ದು ಹೀಗೆ, ರಟ್ಟಿಲ್ಲದೆ. ಹಣೆಯ ಮೇಲೆ ಸಣ್ಣ ಜುಟ್ಟು ನಿಲ್ಲಿಸಿಕೊಂಡ ಒಬ್ಬ ಹುಡುಗ, ಬಿಳಿ ನಾಯಿ, ಸದಾ ಬೈಯುವ ಗಡ್ಡದ ಕ್ಯಾಪ್ಟನ್. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು. ಇನ್ನರ್ಧವನ್ನು ಚಿತ್ರ ಹೇಳುತ್ತಿತ್ತು. ಬರೆದವರು ಯಾರು ಎಂಬ ಪ್ರಶ್ನೆ ನನಗೆ ಒಮ್ಮೆಯೂ ಬರಲಿಲ್ಲ. ಮಳೆಯನ್ನು ಯಾರು ಸುರಿಸಿದರು ಎಂದು ಕೇಳುತ್ತೇವೆಯೇ? ಮಾತೆಲ್ಲ ಇಂಗ್ಲಿಷಿನಲ್ಲಿ ಇದ್ದುದರಿಂದ ಟಿನ್‌ಟಿನ್ ಲಂಡನ್ನಿನವನು ಎಂದೇ ಬಹಳ ವರ್ಷ ನಂಬಿದ್ದೆ.

ಆ ಹೆಸರು ಕೊನೆಗೂ ಕಂಡದ್ದು ಬ್ಯಾಂಕ್ ಪರೀಕ್ಷೆಯ ಸಾಮಾನ್ಯ ಜ್ಞಾನದ ಗೈಡಿನಲ್ಲಿ. ‘ಟಿನ್‌ಟಿನ್ ಪಾತ್ರದ ಸೃಷ್ಟಿಕರ್ತ ಯಾರು?’ ಉತ್ತರ: ಎರ್ಜೆ, ಬೆಲ್ಜಿಯಂ. ಒಂದು ಅಂಕದ ಪ್ರಶ್ನೆ. ಅದೂ ನಿಜವಾದ ಹೆಸರಲ್ಲ. ಅವರ ಹೆಸರು ಜಾರ್ಜ್ ರೆಮಿ. ಇನಿಷಿಯಲ್ಸ್ ತಿರುಗಿಸಿ ಆರ್.ಜಿ. ಮಾಡಿಕೊಂಡರು, ಅದನ್ನು ಫ್ರೆಂಚಿನಲ್ಲಿ ಉಚ್ಚರಿಸಿದರೆ ಎರ್ಜೆ. ಗೈಡು ಅಲ್ಲಿಗೆ ಮುಂದಿನ ಪ್ರಶ್ನೆಗೆ ಹೋಯಿತು. ನಾನೂ ಹೋದೆ.

ಮುಂದೆ ಮೈಸೂರಿನಲ್ಲಿ ಎಂ.ಕಾಂ ಓದುವಾಗ ನಮ್ಮ ಬಾಡಿಗೆ ರೂಮಿನ ಪಕ್ಕದ ಮನೆಯಲ್ಲಿ ಕಾಂಗೋದಿಂದ ಬಂದ ಒಬ್ಬ ವಿದ್ಯಾರ್ಥಿ ಇದ್ದ. ಒಂದು ದಿನ ನೀರಿನ ಕ್ಯಾನ್ ಕೇಳಲು ಬಂದವನು ನನ್ನ ಕಪಾಟಿನ ರಟ್ಟಿಲ್ಲದ ಪುಸ್ತಕಗಳನ್ನು ನೋಡಿ ‘ತ್ಯಾಂತ್ಯಾಂ!’ ಎಂದು ಕೂಗಿದ. ಫ್ರೆಂಚಿನಲ್ಲಿ ಟಿನ್‌ಟಿನ್ ಹೆಸರು ಹಾಗೆ. ನಾಯಿಯ ಹೆಸರು ಸ್ನೋಯಿ ಅಲ್ಲ, ಮಿಲೂ. ಅವನು ನನ್ನ ಇಂಗ್ಲಿಷ್ ಪುಸ್ತಕ ತೆಗೆದು, ಮಾತುಗಳನ್ನು ಓದದೆಯೇ ಪುಟ ತಿರುಗುವ ಮೊದಲೇ ನಗುತ್ತಿದ್ದ. ಎಲ್ಲವೂ ಬಾಯಿಪಾಠ. ನಾನು ಗುಜರಿ ರಾಶಿಯಲ್ಲಿ ಹುಡುಕಿಕೊಂಡದ್ದನ್ನು ಅವನು ಕಿನ್ಶಾಸಾದಲ್ಲಿ ಅಣ್ಣಂದಿರಿಂದ ಪಡೆದಿದ್ದ. ಇಬ್ಬರಿಗೂ ಕ್ಯಾಪ್ಟನ್ ಹ್ಯಾಡಕ್ ಎಂದರೆ ಪ್ರಾಣ.

ತಪ್ಪು ಮಾಡಿದ್ದು ನಾನು. ಟಿನ್‌ಟಿನ್ ಸರಣಿಯಲ್ಲಿ ‘ಟಿನ್‌ಟಿನ್ ಇನ್ ದಿ ಕಾಂಗೋ’ ಎಂಬ ಪುಸ್ತಕ ಇದೆ ಎಂದು ಗೊತ್ತಾಯಿತು. ಮಾವನ ಅಂಗಡಿಗೆ ಅದು ಬಂದಿರಲಿಲ್ಲ. ಪರಿಚಯದವರೊಬ್ಬರಿಂದ ಎರವಲು ತಂದು, ನಾನೇ ಇನ್ನೂ ಓದದೆ, ಭಾನುವಾರ ಮಧ್ಯಾಹ್ನ ಅವನ ಮುಂದೆ ಇಟ್ಟೆ. ‘ನಿನ್ನ ದೇಶದ ಕಥೆ’ ಎಂದೆ. ರೂಮಿನಲ್ಲಿ ನಾವು ನಾಲ್ಕು ಜನ ಇದ್ದೆವು. ಒಬ್ಬ ಪುಸ್ತಕ ಎಳೆದುಕೊಂಡು ತೆರೆದ. ಕಾಂಗೋದ ಜನರನ್ನು ಅದರಲ್ಲಿ ಬರೆದ ರೀತಿ, ಆ ದಪ್ಪ ತುಟಿ, ಆ ಪೆದ್ದು ಕಣ್ಣು ನೋಡಿ ಅವನಿಗೆ ನಗು ಬಂತು. ಜೊತೆಗೆ ನಾವೂ ನಕ್ಕೆವು. ಗೆಳೆಯನೂ ಸ್ವಲ್ಪ ನಕ್ಕ. ಆಮೇಲೆ ಟೀ ಮಾಡುತ್ತೇನೆ ಎಂದು ಎದ್ದು ಹೋದ. ಟೀ ಬರಲೇ ಇಲ್ಲ.

ಎರಡು ದಿನ ಬಿಟ್ಟು ಅವನೇ ಹೇಳಿದ: ‘ಆ ಪುಸ್ತಕ ನಮ್ಮ ಮನೆಯಲ್ಲೂ ಇದೆ. ಚಿಕ್ಕವನಿದ್ದಾಗ ಓದಿ ನಕ್ಕಿದ್ದೇನೆ. ಒಬ್ಬನೇ ಇದ್ದರೆ ಈಗಲೂ ಓದಬಲ್ಲೆ. ನೀವೆಲ್ಲ ಸುತ್ತ ಕೂತಿದ್ದಾಗ ಆಗುವುದಿಲ್ಲ.’

ಕಾಮಿಕ್ಸ್ ಮಾಡಿದವನು ಯಾರು ಎನ್ನುವುದು ಓದುವ ಖುಷಿಗೆ ಮುಖ್ಯವೇ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಆವತ್ತು. ಗೈಡಿನ ಒಂದು ಅಂಕದ ಉತ್ತರ ಸಾಲದೆ ಎರ್ಜೆ ಬಗ್ಗೆ ಹುಡುಕಿ ಓದಲು ಕೂತೆ.

ಕಾಂಗೋ ಕಥೆ ಶುರುವಾದಾಗ, 1930ರಲ್ಲಿ, ಎರ್ಜೆಗೆ ಇಪ್ಪತ್ತಮೂರು ವರ್ಷ. ಹೆಚ್ಚು ಕಡಿಮೆ ನಮ್ಮ ವಯಸ್ಸು. ಬ್ರಸೆಲ್ಸಿನ ಒಂದು ಸಂಪ್ರದಾಯವಾದಿ ಕ್ಯಾಥೊಲಿಕ್ ಪತ್ರಿಕೆಯ ಮಕ್ಕಳ ಪುರವಣಿ ನೋಡಿಕೊಳ್ಳುವ ಕೆಲಸ. ಅದರ ಸಂಪಾದಕ ಒಬ್ಬ ಪಾದ್ರಿ, ಹೆಸರು ನಾರ್ಬೆರ್ ವಾಲೆ. ಟಿನ್‌ಟಿನ್‌ನನ್ನು ಕಾಂಗೋಕ್ಕೆ ಕಳಿಸು ಎಂದವರು ಅವರೇ. ಕಾಂಗೋ ಆಗ ಬೆಲ್ಜಿಯಂನ ವಸಾಹತು, ಅಲ್ಲಿಗೆ ಹೋಗಿ ದುಡಿಯುವ ಆಸೆಯನ್ನು ಬೆಲ್ಜಿಯಂ ಮಕ್ಕಳಲ್ಲಿ ಹುಟ್ಟಿಸಬೇಕಿತ್ತು. ಎರ್ಜೆ ಕಾಂಗೋ ನೋಡಿರಲಿಲ್ಲ. ವಸಾಹತಿನ ವಸ್ತುಗಳನ್ನು ಪೇರಿಸಿಟ್ಟ ಮ್ಯೂಸಿಯಂ ಮತ್ತು ಊರಿನವರ ಮಾತು, ಇಷ್ಟೇ ಆಧಾರ. ಮೊದಲ ಆವೃತ್ತಿಯಲ್ಲಿ ಟಿನ್‌ಟಿನ್ ಅಲ್ಲಿನ ಶಾಲೆಯ ಮಕ್ಕಳಿಗೆ ನಿಮ್ಮ ದೇಶ ಬೆಲ್ಜಿಯಂ ಎಂದು ಪಾಠ ಹೇಳುತ್ತಾನೆ. 1946ರಲ್ಲಿ ಬಣ್ಣದ ಆವೃತ್ತಿ ಮಾಡುವಾಗ ಎರ್ಜೆಯೇ ಅದನ್ನು ಕೂಡುವ ಲೆಕ್ಕದ ಪಾಠವಾಗಿ ಬದಲಾಯಿಸಿದರು. ತುಟಿ, ಕಣ್ಣು ಮಾತ್ರ ಹಾಗೇ ಉಳಿದವು. 2007ರಲ್ಲಿ ಬ್ರಸೆಲ್ಸಿನಲ್ಲಿದ್ದ ಕಾಂಗೋ ಮೂಲದ ಒಬ್ಬರು ಈ ಪುಸ್ತಕದ ವಿರುದ್ಧ ದೂರು ಕೊಟ್ಟರು. 2012ರಲ್ಲಿ ಅಲ್ಲಿನ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಆದರೂ ಕಿನ್ಶಾಸಾದ ಮಾರುಕಟ್ಟೆಯಲ್ಲಿ ಟಿನ್‌ಟಿನ್‌ನ ಮರದ ಗೊಂಬೆ ಮಾರುತ್ತಾರೆ. ಪುಸ್ತಕದ ಕೊನೆಯಲ್ಲಿ ಕಾಂಗೋದ ಹಳ್ಳಿಯವರು ಟಿನ್‌ಟಿನ್ ಮತ್ತು ನಾಯಿಯ ಮೂರ್ತಿ ಮಾಡಿ ಅಡ್ಡಬೀಳುವ ಚಿತ್ರ ಇದೆ. ಈಗ ಅದೇ ಮೂರ್ತಿಯನ್ನು ಕೆತ್ತಿ ವಿದೇಶಿಯರಿಗೆ ಮಾರಿ ದುಡ್ಡು ಎಣಿಸುತ್ತಿದ್ದಾರೆ. ಗೆಳೆಯನಿಗೆ ಇದನ್ನು ಹೇಳಿದರೆ, ‘ನಮ್ಮ ದೊಡ್ಡಪ್ಪನ ಮನೆಯಲ್ಲೂ ಒಂದಿದೆ, ಜುಟ್ಟು ಮುರಿದಿದೆ’ ಎಂದ.

ಕಾಂಗೋ ಪುಸ್ತಕವನ್ನು ಬದಿಗಿಡುವುದು ಸುಲಭ. ನನಗೆ ಅದು ಬಾಲ್ಯದ ಪುಸ್ತಕವಲ್ಲ. ನಿಜವಾಗಿ ಚುಚ್ಚಿದ್ದು ‘ದಿ ಶೂಟಿಂಗ್ ಸ್ಟಾರ್’. ಸಮುದ್ರಕ್ಕೆ ಬಿದ್ದ ಉಲ್ಕೆಯನ್ನು ಹುಡುಕಲು ಎರಡು ಹಡಗುಗಳು ಪೈಪೋಟಿಗೆ ಬಿದ್ದು ಹೋಗುವ ಕಥೆ. ಅದನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ನನ್ನ ಪ್ರತಿಯ ಹೊಲಿಗೆ ಬಿಚ್ಚಿ ಹೋಗಿ ಮಾವ ಟ್ವೈನ್ ದಾರ ಹಾಕಿ ಕೊಟ್ಟಿದ್ದರು. ಈ ಕಥೆ 1941ರ ಅಕ್ಟೋಬರ್‌ನಿಂದ ‘ಲ ಸ್ವಾರ್’ ಪತ್ರಿಕೆಯಲ್ಲಿ ಬಂತು. ಬೆಲ್ಜಿಯಂ ಆಗ ಹಿಟ್ಲರನ ಸೈನ್ಯದ ಕೈಯಲ್ಲಿತ್ತು, ಪತ್ರಿಕೆಯೂ ಅವರದೇ ಹಿಡಿತದಲ್ಲಿತ್ತು. ಕಥೆಯ ಖಳ ನ್ಯೂಯಾರ್ಕಿನ ಒಬ್ಬ ಬ್ಯಾಂಕರ್, ಹೆಸರು ಬ್ಲುಮೆನ್‌ಸ್ಟೈನ್, ಯಹೂದಿ ಹೆಸರು. ಪತ್ರಿಕೆಯಲ್ಲಿ ಬಂದಾಗ ಇಬ್ಬರು ಯಹೂದಿ ವ್ಯಾಪಾರಿಗಳ ಬಗ್ಗೆ ಒಂದು ಕುಹಕದ ಜೋಕೂ ಇತ್ತು, ಪುಸ್ತಕವಾಗುವಾಗ ತೆಗೆದರು. ಯುದ್ಧ ಮುಗಿದ ಮೇಲೆ ಖಳನ ಹೆಸರನ್ನು ಬೋಲ್‌ವಿಂಕಲ್ ಎಂದು ಬದಲಿಸಿದರು, ಅವನ ದೇಶವನ್ನು ಅಮೆರಿಕದಿಂದ ಸಾವೊ ರಿಕೊ ಎಂಬ ಕಾಲ್ಪನಿಕ ದೇಶಕ್ಕೆ ಸಾಗಿಸಿದರು. ಬೋಲ್‌ವಿಂಕಲ್ ಕೂಡ ಯಹೂದಿಗಳಲ್ಲಿ ಇರುವ ಹೆಸರೇ ಎಂದು ಆಮೇಲೆ ಗೊತ್ತಾಯಿತಂತೆ. ಆದರೆ ಮೂಗು, ಸಿಗಾರು, ಡೊಳ್ಳು ಹೊಟ್ಟೆ ಎಲ್ಲ ಹಾಗೇ ಇವೆ. ಆ ಹೊತ್ತಿಗೆ ಬೆಲ್ಜಿಯಂನಲ್ಲಿ ನಿಜವಾದ ಯಹೂದಿಗಳು ಅಂಗಡಿ, ಕೆಲಸ ಕಳೆದುಕೊಳ್ಳುತ್ತಿದ್ದರು. 1942ರಲ್ಲಿ ಅವರನ್ನು ರೈಲಿಗೆ ತುಂಬಿ ಔಶ್‌ವಿಟ್ಜ್‌ಗೆ ಕಳಿಸುವುದು ಶುರುವಾಯಿತು.

ಆ ಮೂಗನ್ನು ನೋಡಿ ನಾನು ಎಷ್ಟೋ ಬೇಸಿಗೆ ನಕ್ಕಿದ್ದೇನೆ. ಯಹೂದಿ ಎಂದರೆ ಏನು ಎಂದೇ ಆಗ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಕ್ಕದ್ದು ತಪ್ಪಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ಚಿತ್ರ ನನ್ನ ಮೇಲೆ ಕೆಲಸ ಮಾಡಿತ್ತು. ಖಳ ಎಂದರೆ ಇಂಥ ಮುಖ ಎಂದು ಅರಸೀಕೆರೆಯ ಹುಡುಗನಿಗೂ ಪಾಠ ಮಾಡಿತ್ತು. ಪುಸ್ತಕದ ರಟ್ಟು ಕಿತ್ತರೆ ಲೇಖಕನ ಹೆಸರು ಹೋಗುತ್ತದೆ. ಲೇಖಕ ಒಳಗೇ ಇರುತ್ತಾನೆ.

ಇನ್ನೂ ಒಂದು ವಿಷಯ ಇದೆ, ಅದನ್ನು ಗೆಳೆಯನಿಗೆ ಹೇಳಲು ಹಿಂಜರಿದೆ. ನಾವಿಬ್ಬರೂ ಅಷ್ಟು ಇಷ್ಟಪಡುವ ಕ್ಯಾಪ್ಟನ್ ಹ್ಯಾಡಕ್ ಹುಟ್ಟಿದ್ದು ಅದೇ ಪತ್ರಿಕೆಯಲ್ಲಿ, 1941ರಲ್ಲಿ, ‘ದಿ ಕ್ರ್ಯಾಬ್ ವಿತ್ ದಿ ಗೋಲ್ಡನ್ ಕ್ಲಾಸ್’ ಕಥೆಯಲ್ಲಿ. ಹ್ಯಾಡಕ್‌ನಲ್ಲಿ ದ್ವೇಷದ ಸುಳಿವೂ ಇಲ್ಲ. ಕುಡುಕ, ಕೋಪಿಷ್ಠ, ಸ್ನೇಹಕ್ಕೆ ಪ್ರಾಣ ಕೊಡುವವನು. ಅವನನ್ನು ಏನು ಮಾಡೋಣ? ಹುಟ್ಟಿದ ಮನೆ ಸರಿಯಿಲ್ಲ ಎಂದು ಹೊರಗೆ ಹಾಕುವುದೇ?

ಹೀಗೆ ಎರ್ಜೆಯ ಮೇಲೆ ಸಿಟ್ಟು ಮಾಡಿಕೊಂಡೇ ಓದುತ್ತಿದ್ದವನಿಗೆ ಚಾಂಗ್ ಎದುರಾದ. 1934ರಲ್ಲಿ ಎರ್ಜೆ ಟಿನ್‌ಟಿನ್‌ನನ್ನು ಚೀನಾಕ್ಕೆ ಕಳಿಸಲು ಹೊರಟಾಗ, ಚೀನೀಯರನ್ನು ಹೇಗೆಂದರೆ ಹಾಗೆ ಬರೆಯಬೇಡ ಎಂಬ ಎಚ್ಚರಿಕೆಯ ಜೊತೆ, ಬ್ರಸೆಲ್ಸಿನಲ್ಲಿ ಕಲೆ ಓದುತ್ತಿದ್ದ ಚಾಂಗ್ ಚೊಂಗ್‌ರೆನ್ ಎಂಬ ವಿದ್ಯಾರ್ಥಿಯ ಪರಿಚಯ ಆಯಿತು. ಇಬ್ಬರೂ ಒಂದೇ ವಯಸ್ಸಿನವರು. ಚಾಂಗ್ ಚೀನಾದ ಬೀದಿ, ಮನೆ, ಬಟ್ಟೆ ಹೇಗಿರುತ್ತವೆ ಎಂದು ತೋರಿಸಿಕೊಟ್ಟ. ‘ದಿ ಬ್ಲೂ ಲೋಟಸ್’ನ ಗೋಡೆಗಳ ಮೇಲೆ ಕಾಣುವ ಚೀನೀ ಬರಹ ಬರೆದದ್ದು ಅವನೇ. ಅಲಂಕಾರಕ್ಕೆಂದು ಬರೆದ ಗೀಚು ಅಲ್ಲ ಅದು, ಅದರಲ್ಲಿ ಜಪಾನಿನ ಆಕ್ರಮಣದ ವಿರುದ್ಧದ ಘೋಷಣೆಗಳೂ ಇವೆ. ಬೆಲ್ಜಿಯಂ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ, ಓದಬಲ್ಲ ಜಪಾನಿನ ರಾಜತಾಂತ್ರಿಕರು ಮಾತ್ರ ತಕರಾರು ತೆಗೆದರು. ಕಥೆಯೊಳಗೂ ಚಾಂಗ್ ಎಂಬ ಹುಡುಗ ಬರುತ್ತಾನೆ. ಪ್ರವಾಹದಿಂದ ಟಿನ್‌ಟಿನ್ ಅವನನ್ನು ಎಳೆದು ತರುತ್ತಾನೆ. ಆಮೇಲೆ ಇಬ್ಬರೂ ಒಬ್ಬರ ಜನರ ಬಗ್ಗೆ ಇನ್ನೊಬ್ಬರ ಊರಿನಲ್ಲಿ ಏನೇನು ಕಟ್ಟುಕಥೆ ಇದೆ ಎಂದು ಹೇಳಿಕೊಂಡು ನಗುತ್ತಾರೆ.

ಈ ನಗುವಿಗೂ ನಮ್ಮ ರೂಮಿನ ನಗುವಿಗೂ ಎಷ್ಟು ವ್ಯತ್ಯಾಸ!

ಇಷ್ಟೆಲ್ಲ ಕಲಿತ ಮೇಲೂ ಅದೇ ಪುಸ್ತಕದಲ್ಲಿ ಜಪಾನೀಯರನ್ನು ಹಲ್ಲು ಉಬ್ಬಿದ ವಿಕಾರ ಮುಖಗಳಾಗಿ ಬರೆದರು, ಆರೇಳು ವರ್ಷ ಕಳೆದ ಮೇಲೆ ಬ್ಲುಮೆನ್‌ಸ್ಟೈನ್‌ನನ್ನೂ ಬರೆದರು. ಗೆಳೆಯನಾದ ಒಬ್ಬ ಚೀನೀಯನಿಂದ ಚೀನೀಯರು ಮನುಷ್ಯರಾದರು, ಅಷ್ಟೇ. ಯಹೂದಿಯೊಬ್ಬ ಬಂದು ಪಕ್ಕದಲ್ಲಿ ಕೂರಲಿಲ್ಲ, ಕಾಂಗೋದವನೂ ಕೂರಲಿಲ್ಲ. 1935ರಲ್ಲಿ ಚಾಂಗ್ ಚೀನಾಕ್ಕೆ ಹಿಂತಿರುಗಿದ, ಯುದ್ಧ, ಕ್ರಾಂತಿಗಳ ನಡುವೆ ಸಂಪರ್ಕ ತಪ್ಪಿತು. ಮುಂದೆ ದಾಂಪತ್ಯ ಬಿರುಕು ಬಿಟ್ಟು, ರಾತ್ರಿ ಬರೀ ಬಿಳಿ ಬಣ್ಣದ ದುಃಸ್ವಪ್ನಗಳಿಂದ ಒದ್ದಾಡುತ್ತಿದ್ದ ಎರ್ಜೆಗೆ ಮನೋವೈದ್ಯರು ಕೆಲಸ ಬಿಟ್ಟುಬಿಡಲು ಹೇಳಿದರು. ಅವರು ಬಿಡದೆ ಬರೆದದ್ದು ‘ಟಿನ್‌ಟಿನ್ ಇನ್ ಟಿಬೆಟ್’. ಅದರಲ್ಲಿ ಖಳನೇ ಇಲ್ಲ. ಹಿಮದಲ್ಲಿ ವಿಮಾನ ಬಿದ್ದು ಸತ್ತನೆಂದು ಎಲ್ಲರೂ ನಂಬಿದ ಚಾಂಗ್ ಬದುಕಿದ್ದಾನೆ ಎಂದು ಟಿನ್‌ಟಿನ್ ಒಬ್ಬನೇ ಹಟ ಹಿಡಿದು ಹುಡುಕುತ್ತಾ ಹೋಗುತ್ತಾನೆ. ಪುಟದ ತುಂಬ ಬಿಳಿ. ದೆಹಲಿಯ ಕುತುಬ್ ಮಿನಾರ್ ಕೂಡ ಬಂದು ಹೋಗುತ್ತದೆ. ಮೊದಲು ಇದು ನನಗೆ ಸಪ್ಪೆ ಪುಸ್ತಕ, ಹೊಡೆದಾಟ ಕಡಿಮೆ ಎಂದು ಹಾಗೇ ಇಟ್ಟಿದ್ದೆ. ಎರ್ಜೆ ಯಾರು, ಏನು ಕಳೆದುಕೊಂಡಿದ್ದರು ಎಂದು ತಿಳಿದ ಮೇಲೆ ಓದಿದಾಗ ಗಂಟಲು ಕಟ್ಟಿತು. ಅವರು ಚಾಂಗ್‌ನನ್ನು ಮತ್ತೆ ಭೇಟಿಯಾದದ್ದು 1981ರಲ್ಲಿ, ಬ್ರಸೆಲ್ಸಿನಲ್ಲಿ. ಎರಡು ವರ್ಷದ ನಂತರ ತೀರಿಕೊಂಡರು.

ಅಂದರೆ ಒಂದೇ ಮನುಷ್ಯನ ಬಗ್ಗೆ ತಿಳಿದದ್ದು ಒಂದು ಪುಸ್ತಕವನ್ನು ಕೆಡಿಸಿತು, ಇನ್ನೊಂದನ್ನು ಕೊಟ್ಟಿತು. ಇದನ್ನು ಲೆಕ್ಕಪತ್ರದ ಹಾಗೆ ಜಮಾ ಖರ್ಚು ಹಾಕಿ ನೋಡಲು ನಾನು ಪ್ರಯತ್ನಿಸಿದ್ದೇನೆ, ಕಾಮರ್ಸ್ ಓದಿದವನ ಚಾಳಿ. ಟ್ಯಾಲಿ ಆಗುವುದಿಲ್ಲ.

ಅಷ್ಟರಲ್ಲಿ ಈ ಜ್ಞಾನವನ್ನು ಹಂಚುವ ಹುಮ್ಮಸ್ಸಿನಲ್ಲಿ ಇನ್ನೊಂದು ಎಡವಟ್ಟು ಮಾಡಿದೆ. ನಮ್ಮ ಚಿಕ್ಕಪ್ಪನ ಮನೆಯ ಷೋಕೇಸಿನಲ್ಲಿ ಅಮರ ಚಿತ್ರಕಥೆಗಳ ಸಾಲೇ ಇದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಶುರು ಮಾಡಿದ ಸರಣಿ, ನಮ್ಮಲ್ಲಿ ಅದನ್ನು ಓದದೆ ಬೆಳೆದವರು ಕಡಿಮೆ. ಅದರಲ್ಲಿ ‘ಮೀರಾಬಾಯಿ’ ಎಂದರೆ ಚಿಕ್ಕಪ್ಪನಿಗೆ ಪೂಜೆಯ ಪುಸ್ತಕದಷ್ಟೇ ಭಕ್ತಿ. ಗೌರಿ ಹಬ್ಬದ ಊಟಕ್ಕೆ ಕೂತಾಗ ನಾನು ಹೇಳಿದೆ: ‘ಆ ಚಿತ್ರ ಬರೆದವರ ಹೆಸರು ಯೂಸುಫ್ ಗೊತ್ತಾ ಚಿಕ್ಕಪ್ಪ? ಪೂರ್ತಿ ಹೆಸರು ಯೂಸುಫ್ ಬೆಂಗಳೂರ್‌ವಾಲಾ.’ ಹೆಸರಲ್ಲೇ ಬೆಂಗಳೂರು ಇದೆ, ಎಲ್ಲರಿಗೂ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

ಚಿಕ್ಕಪ್ಪ ಕೈ ತೊಳೆದು ಬಂದು ಪುಸ್ತಕ ತೆಗೆದರು. ಒಂದೊಂದೇ ಪುಟ ತಿರುವಿದರು, ಕಳೆದ ವಸ್ತು ಹುಡುಕುವವರ ಹಾಗೆ. ಆಮೇಲೆ, ‘ಹೌದಲ್ಲ, ಈ ಮೀರಾ ಮುಖದಲ್ಲಿ ಏನೋ ಬೇರೆ ಥರ ಇದೆ’ ಎಂದರು. ಇಪ್ಪತ್ತು ವರ್ಷದಿಂದ ಅದೇ ಮುಖ ನೋಡಿದವರು! ಚಿಕ್ಕಮ್ಮ ‘ಏನೂ ಇಲ್ಲ, ಸುಮ್ಮನಿರಿ’ ಎಂದು ಪುಸ್ತಕ ಇಸಿದುಕೊಂಡು ಒಳಗಿಟ್ಟರು. ಹೇಳದೇ ಇದ್ದಿದ್ದರೆ ಅವರ ಖುಷಿ ಅವರಿಗೆ ಉಳಿಯುತ್ತಿತ್ತಲ್ಲ ಎಂದು ನನಗೆ ಬೇಜಾರಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಭಯವೂ ಹತ್ತಿತು. ಚಿಕ್ಕಪ್ಪ ಮಾಡಿದ್ದನ್ನೇ ನಾನು ಎರ್ಜೆಗೆ ಮಾಡುತ್ತಿಲ್ಲ ತಾನೇ? ಹೆಸರು ತಿಳಿದ ಮೇಲೆ ಇಲ್ಲದ್ದನ್ನು ಚಿತ್ರದಲ್ಲಿ ಕಾಣುತ್ತಿಲ್ಲ ತಾನೇ?

ರೂಮಿಗೆ ಬಂದು ಮತ್ತೆ ಪುಸ್ತಕಗಳನ್ನು ಹರಡಿಕೊಂಡೆ. ಎರ್ಜೆಯ ವಿಷಯದಲ್ಲಿ ಸಾಕ್ಷಿ ಪುಟದಲ್ಲೇ ಇದೆ. ಅವರೇ ಹೆಸರು ಬದಲಿಸಿದ್ದಾರೆ, ಪಾಠ ಬದಲಿಸಿದ್ದಾರೆ, ಜೋಕು ತೆಗೆದಿದ್ದಾರೆ. ಇಲ್ಲದ್ದನ್ನು ಯಾರೂ ಅಳಿಸುವುದಿಲ್ಲ. ಯೂಸುಫರ ಮೀರಾ ಪುಟಗಳಲ್ಲಿ ತಂಬೂರಿ ಇದೆ, ಕೃಷ್ಣನ ಮೇಲೆ ನೆಟ್ಟ ಕಣ್ಣಿದೆ. ಅವರ ಧರ್ಮ ಆ ಗೆರೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ, ಚಿಕ್ಕಪ್ಪನ ಬಗ್ಗೆ ಮಾತ್ರ ಹೇಳಿತು. ಹಾಗಾಗಿ ಈಗ ನಾನು ಮೊದಲು ಪುಟ ನೋಡುತ್ತೇನೆ, ಏನೋ ಮುಳ್ಳಿನ ಹಾಗೆ ಕಂಡರೆ, ಅಥವಾ ಏನೋ ಹೊಸದು ಕಂಡರೆ, ಆಮೇಲೆ ರಟ್ಟು ತಿರುಗಿಸುತ್ತೇನೆ.

ಹಾಗೆ ನೋಡಿದ್ದರಲ್ಲಿ ‘ಭೀಮಾಯಣ’ ಒಂದು. 2011ರಲ್ಲಿ ನವಯಾನ ಪ್ರಕಟಿಸಿದ ಅಂಬೇಡ್ಕರ್ ಜೀವನದ ಚಿತ್ರಕಥೆ. ಬಾಲಕ ಭೀಮನಿಗೆ ನೀರು ಸಿಗದ ಕಥೆ ನನಗೆ ಮೊದಲೇ ಗೊತ್ತಿತ್ತು. 1979ರಲ್ಲೇ ಬಂದ ಅಮರ ಚಿತ್ರಕಥೆಯ ‘ಬಾಬಾಸಾಹೇಬ್ ಅಂಬೇಡ್ಕರ್’ ಓದಿದ್ದೆ. ಅದು ಉಳಿದ ಮಹಾಪುರುಷರ ಕಥೆಗಳಂತೆಯೇ ಚೌಕದಿಂದ ಚೌಕಕ್ಕೆ ಶಿಸ್ತಾಗಿ ಸಾಗುತ್ತದೆ. ಭೀಮಾಯಣದಲ್ಲಿ ಚೌಕಗಳೇ ಇಲ್ಲ. ರೈಲು ಹಾವಾಗುತ್ತದೆ, ಕೋಟೆಗೆ ಪ್ರಾಣಿಯ ಮುಖ ಬರುತ್ತದೆ. ಒಳ್ಳೆಯ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ, ಜಾತಿಯ ವಿಷ ಕಾರುವ ಮಾತು ಚೇಳಿನ ಬಾಲ ಇರುವ ಗುಳ್ಳೆಯಲ್ಲಿ. ಆ ಚೇಳಿನ ಬಾಲ ನೋಡಿ ಮೈ ಜುಂ ಎಂದಿತು. ಯಾರಪ್ಪ ಇದನ್ನು ಮಾಡಿದವರು ಎಂದು ಹಿಂದಕ್ಕೆ ತಿರುಗಿಸಿದೆ. ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಮಧ್ಯಪ್ರದೇಶದ ಪರಧಾನ ಗೊಂಡ ಆದಿವಾಸಿ ದಂಪತಿ. ದುರ್ಗಾಬಾಯಿ ಅಜ್ಜಿಯಿಂದ ಮನೆಯ ಗೋಡೆ, ನೆಲದ ಮೇಲೆ ‘ದಿಗ್ನಾ’ ಬರೆಯಲು ಕಲಿತವರು, 2022ರಲ್ಲಿ ಪದ್ಮಶ್ರೀ ಬಂತು. ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲವಂತೆ. ಕಾಮಿಕ್ಸ್ ಎಂದರೆ ಚೌಕ ಎಂದು ಕಲಿತವರಿಗೆ ಈ ಆಲೋಚನೆ ಬರುವುದೇ ಕಷ್ಟ. ಇಲ್ಲೂ ಗುರುತಿನ ಲೆಕ್ಕ ಸರಳವಲ್ಲ. ಅಂಬೇಡ್ಕರ್ ಮಹಾರ್ ಸಮುದಾಯದವರು, ಚಿತ್ರಕಾರರು ಆದಿವಾಸಿಗಳು, ಕಥೆ ಬರೆದ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬೇರೆ ಹಿನ್ನೆಲೆಯವರು. ಆದರೆ ಆ ಚೇಳು ಎಲ್ಲಿಂದ ಬಂತು ಎನ್ನುವುದು ತಿಳಿದಾಗ ನನ್ನ ಸಂತೋಷ ಇಮ್ಮಡಿಯಾಯಿತು.

ಅಮೆರಿಕದ ಕಾಮಿಕ್ಸಿನಲ್ಲೂ ಇಂಥದ್ದು ಉಂಟು. ಕ್ಯಾಪ್ಟನ್ ಅಮೆರಿಕ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಸಂಚಿಕೆಯ ಮೇಲಿನ ದಿನಾಂಕ 1941ರ ಮಾರ್ಚ್, ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ದೇಶಕ್ಕಿಂತ ಮೊದಲೇ ಗುದ್ದಿದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ, ಇಬ್ಬರೂ ಯಹೂದಿ ಮನೆಯ ಹುಡುಗರು. ಕರ್ಬಿಯ ನಿಜವಾದ ಹೆಸರು ಜೇಕಬ್ ಕುರ್ಟ್ಸ್‌ಬರ್ಗ್. ಅದೇ ವರ್ಷ, ಅಟ್ಲಾಂಟಿಕ್‌ನ ಆಚೆ ದಡದಲ್ಲಿ, ಎರ್ಜೆ ಬ್ಲುಮೆನ್‌ಸ್ಟೈನ್‌ನ ಮೂಗು ಬರೆಯುತ್ತಿದ್ದರು.

ಶೂಟಿಂಗ್ ಸ್ಟಾರ್‌ನ ಆ ದಾರ ಹಾಕಿದ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಉಲ್ಕೆಯ ಮೇಲೆ ದೈತ್ಯ ಅಣಬೆಗಳು ಸಿಡಿಯುವ ಪುಟ ಈಗಲೂ ಇಷ್ಟ. ಬ್ಯಾಂಕರ್ ಬರುವ ಪುಟಗಳಲ್ಲಿ ನಗು ಬರುವುದಿಲ್ಲ. ಮಾವನ ಅಂಗಡಿಗೆ ಹೋದಾಗ ಅದನ್ನು ತಕ್ಕಡಿಗೆ ಹಾಕಲು ಮನಸ್ಸಾಗಿಲ್ಲ.

ಗೆಳೆಯ ಓದು ಮುಗಿಸಿ ಕಿನ್ಶಾಸಾಕ್ಕೆ ವಾಪಸ್ ಹೋಗಿದ್ದಾನೆ. ನಿನ್ನ ವಿಷಯ ಬರೆಯಬಹುದಾ, ಹೆಸರು ಹಾಕುವುದಿಲ್ಲ ಎಂದು ವಾಟ್ಸ್ಆ್ಯಪ್‌ನಲ್ಲಿ ಕೇಳಿದೆ. ಹ್ಯಾಡಕ್ ಹುಟ್ಟಿದ ಪತ್ರಿಕೆಯ ಕಥೆಯನ್ನೂ ಕೊನೆಗೆ ಹೇಳಿಬಿಟ್ಟೆ. ಎರಡು ನೀಲಿ ಗೆರೆ ಬಂತು, ಬಹಳ ಹೊತ್ತು ಉತ್ತರ ಬರಲಿಲ್ಲ. ರಾತ್ರಿ ಒಂದು ಫೋಟೊ ಬಂತು. ಜುಟ್ಟು ಮುರಿದ ಟಿನ್‌ಟಿನ್ ಗೊಂಬೆ, ಪಕ್ಕದಲ್ಲಿ ಹೊಸದಾಗಿ ಕೊಂಡ ಗಡ್ಡದ ಮರದ ಕ್ಯಾಪ್ಟನ್. ಕೆಳಗೆ ಬರೆದಿದ್ದ: ‘ಬರಿ. ಆದರೆ ಹ್ಯಾಡಕ್ ಬಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಬರಿ.’